ಕಬ್ಬಿನ ಡಬ್ಬಿಗಳಿಗೆ ಟೈರು ಆರಿಸಿದ ಬಗೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳಲ್ಲಿ ನವೆಂಬರ್ ಬಂತೆಂದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ ಕಾಣುತ್ತವೆ. ಒಂದೊಂದರ ಹಿಂದೆ ಎರಡೆರಡು ಡಬ್ಬಿ (ಟ್ರೇಲರ್), ಒಂದೊಂದು ಡಬ್ಬಿಗೆ ನಾಲ್ಕು ಗಾಲಿ. ಮುಧೋಳ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನದೂ ಅಂಥದ್ದೇ ಒಂದು ಜೋಡಿ ಇದೆ. ಕಳೆದ ಹಂಗಾಮಿನ ಕೊನೆಗೆ ಆ ಎರಡೂ ಡಬ್ಬಿಗಳ ಎಂಟು ಟೈರುಗಳನ್ನು ಒಟ್ಟಿಗೆ ಬದಲಿಸಬೇಕೆಂದು ನಿಶ್ಚಯಿಸಿ, ಯಾವುದನ್ನು ಹಾಕಬೇಕು ಎಂಬ ವಿಚಾರದಲ್ಲಿ ಇಡೀ ಬೇಸಿಗೆ, ಮಳೆಗಾಲ ಕಳೆದೆ. ಟ್ರ್ಯಾಕ್ಟರಿನ ದೊಡ್ಡ ಟೈರಿಗಾಗಿ ಇಷ್ಟು ಅಲೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಡಬ್ಬಿಯ ಟೈರು ಎಂದರೆ ಮಾತ್ರ, ದುಂಡಗಿದ್ದು ಹವಾ ಹಿಡಿದರೆ ಸಾಕು ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಹೊರೆ ಇರುವುದು ಡಬ್ಬಿಯ ಮೇಲೆ. ಆದ್ದರಿಂದ ಟೈರಿನ ವಿಚಾರ ಶುರುವಾಗಬೇಕಾದದ್ದೂ ಅಲ್ಲಿಂದಲೇ.

ಬದಲಾವಣೆಗೆ ಕಾರಣವಾದದ್ದು ಫೆಬ್ರುವರಿಯ ಒಂದು ಮಧ್ಯಾಹ್ನ ಲೋಕಾಪುರದ ಕಡೆಯ ರಸ್ತೆಯಲ್ಲಿ ಸಿಡಿದ ಒಂದು ಟೈರು. ಹಿಂದಿನ ಡಬ್ಬಿಯ ಹಿಂಬದಿಯ ಎಡಗಾಲಿ ಅದು. ವೇಗ ಕಡಿಮೆಯಿದ್ದುದರಿಂದಲೂ, ನಮ್ಮ ಡ್ರೈವರ್ ಗಾಬರಿಯಿಂದ ಬ್ರೇಕ್ ಒತ್ತದೆ ಗಾಡಿಯನ್ನು ತಾನಾಗಿಯೇ ನಿಧಾನಗೊಳ್ಳಲು ಬಿಟ್ಟಿದ್ದರಿಂದಲೂ ಡಬ್ಬಿ ಪಲ್ಟಿಯಾಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಅರ್ಧ ಕಬ್ಬು ಇಳಿಸಿ, ಜಾಕ್ ಕೊಟ್ಟು, ಬೇರೆ ಗಾಲಿ ಹಾಕಿ ಕಾರ್ಖಾನೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿತ್ತು. ಮರುದಿನ ಆ ಟೈರನ್ನು ಮನೆಯ ಅಂಗಳದಲ್ಲಿ ಮಲಗಿಸಿ ಸಾವಕಾಶವಾಗಿ ನೋಡಿದೆ. ಮೇಲ್ಭಾಗದ ಗಟ್ಟು, ಅಂದರೆ ನೆಲಕ್ಕೆ ತಾಗಿ ಸವೆಯುವ ರಬ್ಬರು, ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮೇಲಿನಿಂದ ನೋಡಿದವರು ಇನ್ನೊಂದು ಹಂಗಾಮು ಓಡುತ್ತದೆ ಎಂದೇ ಹೇಳುತ್ತಿದ್ದರು. ಹರಿದದ್ದು ಬದಿ. ಅಲ್ಲಿ ರಬ್ಬರು ಹಾಳೆಯ ಹಾಗೆ ಪದರು ಪದರಾಗಿ ಎದ್ದು, ಒಳಗಿನ ನೈಲಾನ್ ಎಳೆಗಳು ತೆಂಗಿನ ನಾರಿನಂತೆ ಬಿಡಿಬಿಡಿಯಾಗಿ ಹೊರಗೆ ಚಾಚಿದ್ದವು. ಎಳೆಗಳ ಮೇಲೆ ರಬ್ಬರಿನ ಅಂಟು ಒಂದಿಷ್ಟೂ ಇರಲಿಲ್ಲ. ಒಳಗೆ ಕೈ ಹಾಕಿ ಸವರಿದರೆ ಬದಿಯ ಉದ್ದಕ್ಕೂ ಒಂದು ಸುತ್ತು ಗೆರೆ ಬಿದ್ದಿತ್ತು. ಅದರ ಗುಂಟ ರಬ್ಬರು ಪುಡಿಯಾಗಿ ಕೈಗೆ ಕಪ್ಪು ಹತ್ತುತ್ತಿತ್ತು.

ಇದನ್ನು ಓದಲು ನನಗೆ ಕಲಿಸಿದವರು ನಮ್ಮ ಊರ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಚಾಚಾ. ಅವರು ಆ ಗೆರೆಯ ಮೇಲೆ ಬೆರಳಾಡಿಸಿ, "ಇದು ಮುಳ್ಳು ಚುಚ್ಚಿ ಹೋಗಿಲ್ರಿ, ಬೆಂದು ಹೋಗೇತಿ. ಭಾರ ಜಾಸ್ತಿ, ಹವಾ ಕಮ್ಮಿ" ಎಂದರು. ಆ ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಟೈರು ಉರುಳುವಾಗ ನೆಲಕ್ಕೆ ತಾಗುವ ಭಾಗದ ಬದಿ ಪ್ರತಿ ಸುತ್ತಿಗೂ ಒಮ್ಮೆ ಮಡಚಿ ಬಿಚ್ಚಿಕೊಳ್ಳುತ್ತದೆ. ಹವಾ ಕಡಿಮೆಯಿದ್ದರೆ ಅಥವಾ ಹೊರೆ ಹೆಚ್ಚಿದ್ದರೆ ಆ ಮಡಿಕೆ ಆಳವಾಗುತ್ತದೆ, ಒಳಗೆ ಕಾವು ಹುಟ್ಟುತ್ತದೆ, ರಬ್ಬರು ದಪ್ಪವಿರುವುದರಿಂದ ಆ ಕಾವು ಬೇಗ ಹೊರಗೆ ಹೋಗುವುದಿಲ್ಲ. ಕಾವು ಏರಿದಂತೆ ನೈಲಾನಿನ ಬಲವೂ ಕುಗ್ಗುತ್ತದೆ, ಎಳೆಗೂ ರಬ್ಬರಿಗೂ ಇರುವ ಬೆಸುಗೆಯೂ ಸಡಿಲವಾಗುತ್ತದೆ. ಅಂಥ ಟೈರು ಸಿಡಿದ ದಿನವೇ ಕೆಟ್ಟದ್ದಲ್ಲ. ಹಲವು ವಾರಗಳಿಂದ ಒಳಗೊಳಗೇ ಕೆಡುತ್ತ ಬಂದದ್ದು. ಫೆಬ್ರುವರಿ, ಮಾರ್ಚಿನ ನಮ್ಮ ಬಿಸಿಲಿನಲ್ಲಿ ಕಾದ ಡಾಂಬರು ರಸ್ತೆ ಅದಕ್ಕೆ ಕೊನೆಯ ಪೆಟ್ಟು ಕೊಡುತ್ತದೆ, ಅಷ್ಟೆ.

ಇಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಯಾವ ಕಂಪನಿಯ ಟೈರು ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟು, ನನ್ನ ಡಬ್ಬಿಯ ಒಂದೊಂದು ಗಾಲಿಯ ಮೇಲೆ ನಿಜಕ್ಕೂ ಎಷ್ಟು ಭಾರ ಬೀಳುತ್ತಿದೆ ಎಂದು ತಿಳಿಯಬೇಕೆನಿಸಿತು. ಕಾರ್ಖಾನೆಯ ಕಾಟಾದಲ್ಲಿ (ವಾಹನ ತೂಗುವ ವೇದಿಕೆ) ಟ್ರ್ಯಾಕ್ಟರು, ಎರಡೂ ಡಬ್ಬಿ ಸೇರಿ ಒಟ್ಟು ತೂಕ ಬರುತ್ತದೆ. ಖಾಲಿ ತೂಕ ಕಳೆದು ಕಬ್ಬಿನ ತೂಕ ಬರೆಯುತ್ತಾರೆ. ರೈತನ ಹಣಕ್ಕೆ ಅದು ಸಾಕು, ಟೈರಿನ ಲೆಕ್ಕಕ್ಕೆ ಸಾಲದು. ಆದ್ದರಿಂದ ಹಂಗಾಮು ಮುಗಿಯುವ ಮೊದಲೇ, ನೆಲಮಟ್ಟಕ್ಕೆ ಕೂಡಿಸಿರುವ ಒಂದು ಖಾಸಗಿ ಕಾಟಾಕ್ಕೆ ತುಂಬಿದ ಡಬ್ಬಿಯನ್ನು ಒಯ್ದೆ. ಗದ್ದಲವಿಲ್ಲದ ಹೊತ್ತು ನೋಡಿ ಮಾಲೀಕರನ್ನು ವಿನಂತಿಸಿಕೊಂಡಾಗ ಅವರು ಒಪ್ಪಿದರು. ಟ್ರ್ಯಾಕ್ಟರನ್ನು ಕಾಟಾ ದಾಟಿಸಿ ಡಬ್ಬಿಯೊಂದನ್ನೇ ತೂಗಿದೆವು; ಅನಂತರ ಮುಂದಿನ ಅಚ್ಚು ಮಾತ್ರ ಕಾಟಾದ ಮೇಲಿರುವಂತೆ, ಆಮೇಲೆ ಹಿಂದಿನ ಅಚ್ಚು ಮಾತ್ರ; ಕೊನೆಗೆ ಡಬ್ಬಿಯನ್ನು ಅಂಚಿಗೆ ಸರಿಸಿ ಹಿಂದಿನ ಎಡಗಾಲಿಯೊಂದನ್ನೇ. ಡಬ್ಬಿ, ಕಬ್ಬು ಸೇರಿ ಒಟ್ಟು 10,900 ಕಿಲೋ ಬಂತು. ಮುಂದಿನ ಅಚ್ಚಿನ ಮೇಲೆ 5,040, ಹಿಂದಿನದರ ಮೇಲೆ 5,860. ಅದರಲ್ಲಿ ಎಡಗಾಲಿಯೊಂದರ ಮೇಲೆಯೇ 3,090. ಬಲಗಾಲಿಗೆ ಉಳಿದದ್ದು 2,770. ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಿದ್ದರೆ ಗಾಲಿಗೆ 2,725 ಕಿಲೋ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಸಿಡಿದ ಟೈರು ಕೂತಿದ್ದ ಜಾಗದಲ್ಲಿ ಅದಕ್ಕಿಂತ ಮುನ್ನೂರೈವತ್ತು ಕಿಲೋಗೂ ಹೆಚ್ಚು ಭಾರವಿತ್ತು.

ಎಡಕ್ಕೇ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಹೊಲದಲ್ಲಿಯೇ ಸಿಕ್ಕಿತು. ನಮ್ಮ ಡಬ್ಬಿಗಳಲ್ಲಿ ಕಬ್ಬನ್ನು ಅಡ್ಡಲಾಗಿ ಪೇರಿಸುತ್ತಾರೆ. ಕಬ್ಬಿನ ಬುಡ ದಪ್ಪ ಮತ್ತು ತೂಕದ್ದು, ತುದಿ ಸಣ್ಣದು. ಕಡಿಯುವ ಟೋಳಿಯವರು ಒಂದೇ ಬದಿಯಿಂದ ಹಲಗೆ ಹಾಕಿ ಹೊರೆ ಹೊತ್ತು ಹತ್ತುವುದರಿಂದ ಬುಡಗಳೆಲ್ಲ ತಮ್ಮಷ್ಟಕ್ಕೇ ಒಂದೇ ಕಡೆಗೆ ಸೇರುತ್ತವೆ. ಟೋಳಿಯ ಮುಖಂಡರಾದ ಮುಕಾದಮರಿಗೆ ವಿಷಯ ತಿಳಿಸಿ, ಒಂದು ಪದರಿನ ಬುಡ ಎಡಕ್ಕೆ ಬಂದರೆ ಮೇಲಿನ ಪದರಿನ ಬುಡ ಬಲಕ್ಕೆ ಬರುವಂತೆ ಹಾಕಲು ಕೇಳಿಕೊಂಡೆ. ಹಿಂಬದಿಗೆ ಎತ್ತರ ಮಾಡುವುದನ್ನು ನಿಲ್ಲಿಸಿ, ಒಟ್ಟು ಹೊರೆಯನ್ನೂ ಅರ್ಧ ಟನ್ ತಗ್ಗಿಸಿದೆ. ಮುಂದೆ ಅದೇ ಕಾಟಾದಲ್ಲಿ ಅದೇ ರೀತಿ ತೂಗಿದಾಗ ಒಟ್ಟು 10,400 ಕಿಲೋದಲ್ಲಿ ಹಿಂದಿನ ಅಚ್ಚಿಗೆ 5,500 ಬಂದು, ಎಡಕ್ಕೆ 2,780, ಬಲಕ್ಕೆ 2,720 ಆಯಿತು. ಟೈರಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಅತ್ಯಂತ ಕಷ್ಟದಲ್ಲಿದ್ದ ಗಾಲಿಯಿಂದ ಮುನ್ನೂರು ಕಿಲೋ ಇಳಿದಿತ್ತು. ಆರ್.ಸಿ. ಪುಸ್ತಕದಲ್ಲಿ ನಮೂದಾಗಿರುವ ಭಾರದ ಮಿತಿ ಬೇರೆಯೇ ಇದೆ ಎಂಬುದನ್ನೂ ಇಲ್ಲಿ ಹೇಳಬೇಕು. ಟೈರು ತಡೆಯುತ್ತದೆ ಎಂಬ ಕಾರಣಕ್ಕೆ ಆ ಮಿತಿಯನ್ನು ದಾಟುವ ಹಕ್ಕು ಯಾರಿಗೂ ಬರುವುದಿಲ್ಲ. ಅಚ್ಚು, ಪಾಟಾ (ಸ್ಪ್ರಿಂಗ್ ಪಟ್ಟಿಗಳು), ಹುಕ್ಕು, ಬ್ರೇಕು ಎಲ್ಲವೂ ಆ ಲೆಕ್ಕಕ್ಕೆ ಸೇರಿವೆ.

ಕೈಯಲ್ಲಿ ತೂಕದ ಚೀಟಿ ಬಂದ ಮೇಲೆ ಟೈರಿನ ಮೈಮೇಲಿನ ಬರಹಕ್ಕೆ ಅರ್ಥ ಬರತೊಡಗಿತು. ನನ್ನ ಹಳೆಯ ಟೈರುಗಳ ಮೇಲೆ 9.00-20, 14 ಪಿ.ಆರ್., 141/139 ಎಂದಿತ್ತು. ಮೊದಲನೆಯದು ಅಳತೆ: ಟೈರಿನ ಅಗಲ ಸುಮಾರು 9 ಇಂಚು, ಅದು ಕೂರುವ ಡಿಸ್ಕಿನ (ರಿಮ್) ವ್ಯಾಸ 20 ಇಂಚು. ಎರಡನೆಯದನ್ನು ನಾವು ಹದಿನಾಲ್ಕು ಪ್ಲೈ ಎಂದು ಕರೆಯುತ್ತೇವೆ. ಒಳಗೆ ಅಷ್ಟು ಪದರಗಳಿವೆ ಎಂದು ಅದರ ಅರ್ಥವಲ್ಲ. ಹಿಂದೆ ಹತ್ತಿಯ ನೂಲಿನ ಪದರಗಳಿದ್ದ ಕಾಲದಲ್ಲಿ ಎಣಿಸುತ್ತಿದ್ದ ಲೆಕ್ಕವನ್ನು ಈಗ ಬಲದ ದರ್ಜೆಯಾಗಿ ಉಳಿಸಿಕೊಂಡಿದ್ದಾರೆ. ನೈಲಾನ್ ಹೆಚ್ಚು ಗಟ್ಟಿಯಾದ್ದರಿಂದ ನಿಜವಾದ ಪದರಗಳು ಅದಕ್ಕಿಂತ ಕಡಿಮೆಯೇ ಇರುತ್ತವೆ. ಎಲ್ಲಕ್ಕಿಂತ ಉಪಯೋಗದ್ದು ಮೂರನೆಯ ಅಂಕಿ. ಗೆರೆಯ ಎಡಕ್ಕಿರುವುದು ಅಚ್ಚಿನ ಒಂದೊಂದು ತುದಿಗೆ ಒಂದೇ ಟೈರು ಇದ್ದಾಗಿನ ಭಾರ, ಬಲಕ್ಕಿರುವುದು ಲಾರಿಯ ಹಿಂದಿನಂತೆ ಜೋಡಿ ಟೈರು ಇದ್ದಾಗ ಒಂದೊಂದು ಹೊರುವ ಭಾರ. ನಮ್ಮ ಡಬ್ಬಿಗೆ ಎಡಗಡೆಯ ಅಂಕಿಯೇ ಲೆಕ್ಕ. ಅದು ನೇರವಾಗಿ ಕಿಲೋ ಅಲ್ಲ, ಪಟ್ಟಿಯಲ್ಲಿ ಹುಡುಕಬೇಕಾದ ಸಂಕೇತ: 141 ಎಂದರೆ 2,575 ಕಿಲೋ, 144 ಎಂದರೆ 2,800, 146 ಎಂದರೆ 3,000. ಅಂದರೆ 3,090 ಕಿಲೋ ಬೀಳುತ್ತಿದ್ದ ಜಾಗದಲ್ಲಿ 2,575 ಕಿಲೋ ಹೊರುವ ಟೈರು ಕೂತಿತ್ತು.

ಆ ಅಂಕಿಯ ಪಕ್ಕದ ಅಕ್ಷರ ವೇಗದ್ದು. ಜೆ ಎಂದರೆ ಗಂಟೆಗೆ 100 ಕಿಲೋಮೀಟರ್, ಕೆ ಎಂದರೆ 110. ಟ್ರ್ಯಾಕ್ಟರಿನ ಕಡೆಯ ಟೈರುಗಳ ಮೇಲೆ ಎ8 ಎಂದಿದ್ದರೆ 40 ಕಿಲೋಮೀಟರ್ ಮಾತ್ರ. ಅಂಗಡಿಗಳಲ್ಲಿ ಹೊರೆಯ ಅಂಕಿ ಒಂದೇ ಎಂದು ತೋರಿಸಿ ಈ ಎರಡನ್ನೂ ಸಮ ಎನ್ನುವವರಿದ್ದಾರೆ, ಅದು ಸರಿಯಲ್ಲ. ವೇಗ ಕಡಿಮೆಯಾದಂತೆ ಅದೇ ಟೈರು ತುಸು ಹೆಚ್ಚು ಭಾರ ತಡೆಯುತ್ತದೆ. ಆದ್ದರಿಂದ 100 ಕಿಲೋಮೀಟರ್ ವೇಗಕ್ಕೆ 2,800 ಕಿಲೋ ಎಂದು ಬರೆದ ಲಾರಿ ಟೈರು ನಮ್ಮ 25–30 ಕಿಲೋಮೀಟರ್ ವೇಗದಲ್ಲಿ ಒಂದಿಷ್ಟು ಹೆಚ್ಚುವರಿ ತ್ರಾಣವನ್ನು ಇಟ್ಟುಕೊಂಡಿರುತ್ತದೆ. ಆ ಹೆಚ್ಚುವರಿಯನ್ನು ಮೊದಲೇ ಹೊರೆಯ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಲದ ಬದುವು ದಾಟುವಾಗ, ಕಾಲುವೆ ದಂಡೆ ಏರುವಾಗ, ಊರೊಳಗಿನ ರಸ್ತೆ ಉಬ್ಬುಗಳ ಮೇಲೆ ಒಂದು ಗಾಲಿಗೆ ಕ್ಷಣಕಾಲ ಬೀಳುವ ಹೊಡೆತಕ್ಕೆ ಅದು ಬೇಕೇ ಬೇಕು.

ಹೀಗೆ ನೋಡಿದಾಗ ನನ್ನ ಮುಂದೆ ಎರಡು ದಾರಿಗಳಿದ್ದವು: ಅದೇ 9.00-20 ಅಳತೆಯಲ್ಲಿ 16 ಪ್ಲೈ, 144/142 ಇರುವುದನ್ನು ಹಾಕುವುದು, ಇಲ್ಲವೆ 10.00-20 ಅಳತೆಗೆ ಏರಿ 146 ಪಡೆಯುವುದು. ಸಂಬಂಧದಲ್ಲಿ ಕಾಕಾ ಆಗಬೇಕಾದ ಹಿರಿಯರೊಬ್ಬರು, "ದೊಡ್ಡದ ಹಾಕಿಬಿಡಪಾ, ಒಮ್ಮೆ ಹಾಕಿದ್ರ ಚಿಂತಿಲ್ಲ" ಎಂದು ಒತ್ತಾಯಿಸಿದರು. ಅವರ ಮಾತಿನಲ್ಲಿ ತಿರುಳಿತ್ತು. ಆದರೆ ನನ್ನ ಡಿಸ್ಕುಗಳ ಮೇಲೆ 7.0-20 ಎಂದು ಒತ್ತಿದೆ, ಅದು 9.00 ಟೈರಿನ ಅಳತೆ. 10.00 ಟೈರಿಗೆ ಸರಿಹೊಂದುವ ಡಿಸ್ಕಿನ ಅಗಲ 7.5 ಇಂಚು. ಕಿರಿದಾದ ಡಿಸ್ಕಿನಲ್ಲಿ ಅಗಲದ ಟೈರು ಕೂಡಿಸಿದರೆ ಬದಿಗಳು ಒಳಗೆ ಒತ್ತಿಕೊಂಡು, ನೆಲಕ್ಕೆ ನಡುಭಾಗವೇ ಹೆಚ್ಚು ತಾಗುತ್ತದೆ. ಇನ್ನೊಂದು ತೊಡಕು ಡಬ್ಬಿಯ ಮುಂದಿನ ಅಚ್ಚಿನದು. ಅದು ಟರ್ನ್ ಟೇಬಲ್ ಮೇಲೆ ತಿರುಗುವಂಥದ್ದು. ಹೊಲದ ತಿರುವಿನಲ್ಲಿ ಪೂರ್ತಿ ತಿರುಗಿಸಿದಾಗ ಗಾಲಿಯ ಮೇಲ್ಭಾಗಕ್ಕೂ ಡಬ್ಬಿಯ ಅಡಿಯ ಚಾನಲ್ಲಿಗೂ ನಡುವೆ ಎರಡು ಬೆರಳು ಜಾಗ ಮಾತ್ರ ಉಳಿಯುತ್ತದೆ. ಎತ್ತರ ಹೆಚ್ಚಿದ ಟೈರು ಅಲ್ಲಿ ತಾಗುತ್ತಿತ್ತು. ಹೊರೆಯನ್ನು ಸರಿಪಡಿಸಿ ಆಗಿದ್ದರಿಂದ 9.00-20ರಲ್ಲಿಯೇ 16 ಪ್ಲೈ ಎಂದು ತೀರ್ಮಾನಿಸಿದೆ. ಡಿಸ್ಕು ಸಮೇತ ಬದಲಿಸುವ ಶಕ್ತಿ ಮತ್ತು ಅಚ್ಚಿನಲ್ಲಿ ಜಾಗ ಇರುವವರು 10.00ಕ್ಕೆ ಹೋಗುವುದರಲ್ಲಿ ತಪ್ಪೇನೂ ಇಲ್ಲ.

ರೇಡಿಯಲ್ಲೋ ನೈಲಾನೋ ಎಂಬುದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಒಳಗಿನ ಎಳೆಗಳು ಓರೆಯಾಗದೆ ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ ರೇಡಿಯಲ್ ಟೈರು ತಂಪಾಗಿ ಓಡುತ್ತದೆ, ನಿಧಾನ ಸವೆಯುತ್ತದೆ, ಎಳೆಯಲು ಹಗುರವಾದ್ದರಿಂದ ಡೀಸೆಲ್ ಉಳಿತಾಯ; ಹೆದ್ದಾರಿಯ ಎಷ್ಟೋ ಲಾರಿಗಳು ಅದಕ್ಕೇ ತಿರುಗಿವೆ. ಕಾವೇ ಶತ್ರು ಎಂದಾದ ಮೇಲೆ ಅದನ್ನೇ ಹಾಕಬೇಕಿತ್ತು ಎಂದು ಯಾರಿಗಾದರೂ ಅನಿಸಬಹುದು. ಆದರೆ ಕಬ್ಬಿನ ಡಬ್ಬಿಯ ಪಯಣ ರಸ್ತೆಯಲ್ಲಿ ಶುರುವಾಗುವುದಿಲ್ಲ, ಕಡಿದ ಹೊಲದೊಳಗಿಂದ ಶುರುವಾಗುತ್ತದೆ. ಕೊಯಿತಾದಿಂದ (ಕಬ್ಬು ಕಡಿಯುವ ಕತ್ತಿ) ಓರೆಯಾಗಿ ಕಡಿದ ಕೂಳೆಗಳು ರವದಿಯ (ಒಣ ಸೋಗೆ) ಕೆಳಗೆ ಕಾಣದಂತೆ ನಿಂತಿರುತ್ತವೆ. ಒಣಗಿದ ಮೇಲೆ ಅವು ಗೂಟದಷ್ಟು ಗಟ್ಟಿ. ಅವು ಚುಚ್ಚುವುದು ಹೆಚ್ಚಾಗಿ ಬದಿಗೆ. ರೇಡಿಯಲ್ಲಿನ ಬದಿ ತೆಳ್ಳಗೆ, ಬಾಗುವಂಥದ್ದು. ಅಲ್ಲಿ ಗಾಯವಾದರೆ ನಮ್ಮ ಕ್ರಾಸಿನ ಅಂಗಡಿಯಲ್ಲಿ ದುರಸ್ತಿ ಆಗುವುದಿಲ್ಲ. ನೈಲಾನ್ ಟೈರಿನ ಬದಿಯಲ್ಲಿ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾದು ಹೋಗುವುದರಿಂದ ಅದು ದಪ್ಪ, ಬಿಗಿ. ಎರೆ ಹೊಲದ ಒಣಗಿದ ಗಾಲಿ ಜಾಡಿನಲ್ಲಿ ಬದಿ ಉಜ್ಜುತ್ತ ಸಾಗುವಾಗಲೂ ಅದೇ ತಾಳುತ್ತದೆ. ನನ್ನ ಹೊರೆಯ ದೂರ ಹೆಚ್ಚಲ್ಲ, ವೇಗವೂ ಕಡಿಮೆ. ರೇಡಿಯಲ್ಲಿನ ಲಾಭ ಪೂರ್ತಿ ಸಿಗುವ ಮೊದಲೇ ಅದರ ದುರ್ಬಲತೆ ಎದುರಾಗುತ್ತದೆ. ಹಾಗಾಗಿ ನೈಲಾನ್ ಆರಿಸಿದೆ. ಯಾವುದನ್ನೇ ಆರಿಸಿದರೂ ಒಂದೇ ಅಚ್ಚಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕಬಾರದು. ಎರಡೂ ಒಂದೇ ಭಾರಕ್ಕೆ ಬೇರೆ ಬೇರೆ ರೀತಿ ಬಾಗುವುದರಿಂದ ಡಬ್ಬಿ ಒಂದು ಕಡೆಗೆ ವಾಲುತ್ತದೆ.

ಮೇಲಿನ ಹಲ್ಲಿನ ವಿಚಾರ ಬೇಗ ಮುಗಿಯಿತು. ಡಬ್ಬಿಯ ಗಾಲಿ ತಾನಾಗಿ ಎಳೆಯುವುದಿಲ್ಲ, ಎಳೆದತ್ತ ಉರುಳುತ್ತದೆ. ಅದಕ್ಕೆ ಟ್ರ್ಯಾಕ್ಟರಿನಂಥ ದಪ್ಪ ಅಡ್ಡಹಲ್ಲು ಬೇಕಿಲ್ಲ. ಉದ್ದಗೆರೆಯ ಪಟ್ಟಿ ಇರುವ ಟೈರು ಹಗುರವಾಗಿ ಉರುಳುತ್ತದೆ, ದಪ್ಪ ಹಲ್ಲಿನಷ್ಟು ಕಾವು ಹಿಡಿಯುವುದಿಲ್ಲ, ಹೊಲದ ಮಣ್ಣನ್ನು ರಸ್ತೆಗೂ ಹೊತ್ತು ತರುವುದಿಲ್ಲ.

ಲಾರಿಯಿಂದ ಇಳಿಸಿದ ಹಳೆಯ ಟೈರುಗಳನ್ನು ಕೊಂಡು ಡಬ್ಬಿಗೆ ಹಾಕುವುದು ನಮ್ಮ ಕಡೆಯ ಸಾಮಾನ್ಯ ರೂಢಿ. ಹೊಸದರ ಮೂರನೇ ಒಂದು ಪಾಲು ದರಕ್ಕೆ ಸಿಗುತ್ತವೆ ಎಂದ ಮೇಲೆ ನಾನೂ ಹೋಗಿ ನೋಡಿದೆ. ಗುಡ್ಡೆಯಲ್ಲಿದ್ದ ಒಂದು ಟೈರು ಕಣ್ಣಿಗೆ ತುಂಬ ಚೆನ್ನಾಗಿತ್ತು. ಕಪ್ಪು ಪಾಲಿಶ್ ಹಚ್ಚಿ ಮಿನುಗಿಸಿದ್ದರು. ಬದಿಯನ್ನು ಬಟ್ಟೆಯಿಂದ ಒರೆಸಿ ಕೊನೆಯ ನಾಲ್ಕು ಅಂಕಿ ಹುಡುಕಿದಾಗ 3416 ಎಂದಿತ್ತು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ: 2016ರ ಮೂವತ್ತನಾಲ್ಕನೆಯ ವಾರ. ಬೆರಳಿನಿಂದ ಗೆರೆಗಳ ತಳವನ್ನು ಅಗಲಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು ಉದ್ದಕ್ಕೂ ಇದ್ದವು; ಒಳಗೆ ಕೈ ಹಾಕಿದಾಗ ಅಂಗೈಯಗಲದ ಒಂದು ತೇಪೆ ಸಿಕ್ಕಿತು. ಡಬ್ಬಿಯ ಟೈರಿಗೆ ವಯಸ್ಸು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಲಾರಿ ವರ್ಷವಿಡೀ ಓಡಿ ಟೈರು ಸವೆಸುತ್ತದೆ. ನಮ್ಮ ಡಬ್ಬಿ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಗಟ್ಟು ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ಮೊದಲೇ ಮುಪ್ಪಾದದ್ದನ್ನು ತಂದು ಹಾಕಿದರೆ ಉಳಿದ ಆಯುಷ್ಯವನ್ನು ಬಿಸಿಲೇ ತಿನ್ನುತ್ತದೆ.

ರಿಮೋಲ್ಡ್, ಅಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರು ಹಾಕಿಸುವುದರ ಬಗ್ಗೆ ನನಗೆ ಅಷ್ಟು ವಿರೋಧವಿಲ್ಲ. ಒಳ್ಳೆಯ ಕೇಸಿಂಗ್ (ಗಟ್ಟು ಬಿಟ್ಟು ಉಳಿದ ಟೈರಿನ ಮೈ) ಇದ್ದು, ಅದರ ಇತಿಹಾಸ ಗೊತ್ತಿದ್ದು, ಕೆಲಸ ಗೊತ್ತಿದ್ದವರು ರಬ್ಬರು ಹಾಕಿದರೆ ಅದು ಯೋಗ್ಯ ಮಾರ್ಗವೇ. ಆದರೆ ಭಾರಕ್ಕೆ ಬೆಂದ ಕೇಸಿಂಗಿಗೆ ಮೇಲೆ ಎಷ್ಟೇ ಹೊಸ ರಬ್ಬರು ಹಾಕಿದರೂ ಬದಿ ಹಳೆಯದೇ. ನನ್ನ ಹಳೆಯ ಟೈರುಗಳಲ್ಲಿ ಒಂದೊಂದನ್ನೂ ಡಿಸ್ಕಿನಿಂದ ಬಿಚ್ಚಿಸಿ ಒಳಗೆ ನೋಡಿದೆ. ಹಿಂದಿನ ಅಚ್ಚುಗಳ ಟೈರುಗಳಲ್ಲೆಲ್ಲ ಅದೇ ಸುತ್ತುಗೆರೆಯ ಆರಂಭ ಕಂಡಿತು. ಅವನ್ನು ರಿಮೋಲ್ಡಿಗೆ ಕೊಡದೆ, ಯಾರಿಗೂ ಓಡಿಸಲು ಮಾರದೆ, ಗುಜರಿಗೆ ಹಾಕಿದೆ.

ಹೊಸ ಟೈರಿಗಾಗಿ ಮುಧೋಳ, ಜಮಖಂಡಿಯ ಅಂಗಡಿಗಳನ್ನು ನೋಡಿ, ಕೊನೆಗೆ ಬೆಳಗಾವಿಯವರೆಗೂ ಹೋಗಿ ಬಂದೆ. ಎಂ.ಆರ್.ಎಫ್., ಅಪೊಲೊ, ಸಿಯೆಟ್, ಜೆ.ಕೆ. ಎಲ್ಲವೂ ಈ ಭಾಗದಲ್ಲಿ ಸಿಗುತ್ತವೆ. ಒಂದೇ ಅಳತೆ, ಒಂದೇ ಪ್ಲೈ, ಒಂದೇ ಹೊರೆಯ ಅಂಕಿ ಇದ್ದಾಗ ಇವುಗಳ ನಡುವೆ ಕಂಪನಿಯ ಹೆಸರಿಗಿಂತ ತಯಾರಿಕೆಯ ವಾರ ಮತ್ತು ಅಂಗಡಿಯವರ ನಡವಳಿಕೆ ನನಗೆ ಮುಖ್ಯವೆನಿಸಿತು. ಒಂದು ಅಂಗಡಿಯಲ್ಲಿ ದರ ಕಡಿಮೆ ಹೇಳಿದ ಟೈರು 1823, ಅಂದರೆ ಎರಡು ವರ್ಷಕ್ಕೂ ಹಿಂದಿನದು. "ಹೊಸಾದ ಐತಲ್ರಿ, ಒಮ್ಮಿನೂ ಹವಾ ತುಂಬಿಲ್ಲ" ಎಂದು ಅವರು ವಾದಿಸಿದರು. ಹವಾ ತುಂಬದ ಮಾತ್ರಕ್ಕೆ ರಬ್ಬರಿನ ವಯಸ್ಸು ನಿಲ್ಲುವುದಿಲ್ಲ. ತಗಡಿನ ಶೆಡ್ಡಿನ ಕಾವಿನಲ್ಲಿ, ಒಂದರ ಮೇಲೊಂದು ಒತ್ತಿಕೊಂಡು ಮಲಗಿದ್ದ ಟೈರು ಅದು. ಇನ್ನೊಂದು ಅಂಗಡಿಯವರು ನಾನು ಕೇಳುವ ಮೊದಲೇ ಅಂಕಿ ತೋರಿಸಿ, ಎಂಟಕ್ಕೂ ಹತ್ತಿರಹತ್ತಿರದ ವಾರಗಳನ್ನೇ ಆರಿಸಿಕೊಡುತ್ತೇವೆ ಎಂದರು. ಅವರ ಬಳಿಯದು 2925, 2025ರ ಜುಲೈನದು. ಐ.ಎಸ್.ಐ. ಗುರುತನ್ನೂ ನೋಡಿಕೊಂಡೆ; ಲಾರಿ ದರ್ಜೆಯ ಟೈರುಗಳಿಗೆ ಅದರ ಜೊತೆ ಐ.ಎಸ್. 15636 ಎಂಬ ಸಂಖ್ಯೆ ಇರುತ್ತದೆ.

ಅದೇ ಅಂಗಡಿಯವರು ಇನ್ನೊಂದು ಉಪಕಾರ ಮಾಡಿದರು. ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಲಿರುವುದರಿಂದ ಖಂಡೆ ಪೂಜೆಯ (ಆಯುಧಪೂಜೆ) ಹೊತ್ತಿಗೆ ಬನ್ನಿ ಎಂದರು. ಕಾದು ಕೊಂಡದ್ದರಿಂದ ಉಳಿದ ಹಣದಲ್ಲಿ ಟ್ಯೂಬು ಮತ್ತು ಫ್ಲ್ಯಾಪುಗಳ (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರು ಪಟ್ಟಿ) ಖರ್ಚಿನ ದೊಡ್ಡ ಭಾಗ ಹೊರಬಿತ್ತು. ಬಿಲ್ಲಿನಲ್ಲಿ ಪ್ರತಿಯೊಂದು ಟೈರಿನ ಕ್ರಮಸಂಖ್ಯೆ ಬರೆಸಿಕೊಂಡೆ. ತಯಾರಿಕೆಯ ದೋಷ ಕಂಡುಬಂದರೆ ಕಂಪನಿಯವರು ಮೊದಲು ಕೇಳುವುದು ಅದನ್ನೇ.

ಟೈರು ಬಂದ ಕೂಡಲೇ ಹಾಕಿಸಲಿಲ್ಲ. ಹಳೆಯ ಟೈರುಗಳಲ್ಲಿ ಮುಂದಿನ ಡಬ್ಬಿಯ ಒಂದು ಜೋಡಿ ಅಂಚಿನಲ್ಲಿ ಮಾತ್ರ ಸವೆದಿತ್ತು. ಅದರ ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಹಾಗೆಯೇ ಸವೆಯುತ್ತಿತ್ತು. ಎಳೆಯುವ ಹುಕ್ಕಿನ ನಡುವಿನಿಂದ ಹಿಂದಿನ ಅಚ್ಚಿನ ಎರಡೂ ತುದಿಗಳಿಗೆ ಟೇಪು ಹಿಡಿದು ಅಳೆದಾಗ ಒಂದು ಬದಿ ಎರಡು ಬೆರಳಿನಷ್ಟು ಹಿಂದೆ ಸರಿದಿರುವುದು ಕಂಡಿತು. ಪಾಟಾಗಳನ್ನು ಹಿಡಿದಿಡುವ ನಡುವಿನ ಬೋಲ್ಟು ಕತ್ತರಿಸಿ ಹೋಗಿ, ಅಚ್ಚು ಪಾಟಾದ ಕೆಳಗೆ ಜಾರಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಬಿಗಿಯಾಗಿಯೇ ಇದೆ ಎನಿಸುತ್ತಿತ್ತು. ವೆಲ್ಡಿಂಗ್ ಅಂಗಡಿಯ ಮೇಸ್ತ್ರಿ ಪಾಟಾ ಇಳಿಸಿ, ಬೋಲ್ಟು ಬದಲಿಸಿ, ಅಳತೆ ಎರಡೂ ಕಡೆ ಸಮ ಬರುವವರೆಗೆ ಹೊಂದಿಸಿದರು. ಬೇರಿಂಗುಗಳಿಗೆ ಗ್ರೀಸೂ ಆಗ ಆಯಿತು.

ಡಿಸ್ಕುಗಳನ್ನು ತಂತಿ ಬ್ರಶ್ಶಿನಿಂದ ತಿಕ್ಕಿ ತುಕ್ಕು ತೆಗೆದು ಬಣ್ಣ ಹಚ್ಚಿಸಿದೆ. ಟೈರನ್ನು ಡಿಸ್ಕಿಗೆ ಹಿಡಿದಿಡುವ ಲಾಕ್ ರಿಂಗುಗಳಲ್ಲಿ ಒಂದು ನೆಲದ ಮೇಲೆ ಸಮವಾಗಿ ಕೂರದೆ ಎದ್ದಿತ್ತು; ಅದನ್ನು ಬಡಿದು ನೇರ ಮಾಡೋಣ ಎಂದ ಹುಡುಗನಿಗೆ ಚಾಚಾ ಬೈದರು. ಹವಾ ತುಂಬುವಾಗ ರಿಂಗು ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಆ ರಿಂಗನ್ನು ಬದಲಿಸಿ, ಎಲ್ಲ ಗಾಲಿಗಳಿಗೂ ಕಬ್ಬಿಣದ ಪಂಜರದೊಳಗಿಟ್ಟೇ ಹವಾ ತುಂಬಿಸಿದೆವು. ಬಿಚ್ಚುವಾಗಲೂ ಅವರ ಶಿಸ್ತು ಅದೇ: ಮೊದಲು ವಾಲ್ವಿನ ಪಿನ್ ತೆಗೆದು ಹವಾ ಪೂರ್ತಿ ಹೋದ ಮೇಲೆಯೇ ರಿಂಗಿಗೆ ಕೈ. ಟ್ಯೂಬು ಮತ್ತು ಫ್ಲ್ಯಾಪುಗಳನ್ನು ಹೊಸದಾಗಿಯೇ ಹಾಕಿಸಿದೆ. ಹಳೆಯ ಟ್ಯೂಬು ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಅದು ಮಡಿಕೆ ಬಿದ್ದು, ಆ ಮಡಿಕೆಯಲ್ಲಿಯೇ ಉಜ್ಜಿ ಹರಿಯುತ್ತದೆ. ಟೈರಿನ ಒಳಗೆ ಬಿಳಿ ಪುಡಿ ಸವರಿ, ಸ್ವಲ್ಪ ಹವಾ ತುಂಬಿ ಬಿಟ್ಟು, ಟ್ಯೂಬು ಸರಿಯಾಗಿ ಕೂತ ಮೇಲೆ ಮತ್ತೆ ತುಂಬುವುದನ್ನು ಅವರು ಎಂಟಕ್ಕೂ ತಪ್ಪಿಸಲಿಲ್ಲ.

ಹವಾ ಎಷ್ಟು ಎಂಬುದರ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿದ್ದೇನೆ. ನಮ್ಮಲ್ಲಿ ಡಬ್ಬಿಗೆ ಎಂಬತ್ತು ತೊಂಬತ್ತು ಪಾಯಿಂಟ್ (ಪಿ.ಎಸ್.ಐ.) ಸಾಕು, ಹೆಚ್ಚಾದರೆ ಬಿಸಿಲಿಗೆ ಸಿಡಿಯುತ್ತದೆ ಎಂಬ ನಂಬಿಕೆ ಇದೆ. ಟೈರಿನ ಮೇಲೆ ಬರೆದ ಹೊರೆ, ಅದರ ಪಕ್ಕದಲ್ಲಿಯೇ ಬರೆದ ಹವಾ ಇದ್ದಾಗ ಮಾತ್ರ ನಿಜ. ಅದು ಕೆಲವೊಮ್ಮೆ ಕಿಲೋಪಾಸ್ಕಲ್‌ನಲ್ಲಿ ಇರುತ್ತದೆ, 6.9ರಿಂದ ಭಾಗಿಸಿದರೆ ನಮ್ಮ ಪಾಯಿಂಟ್ ಸಿಗುತ್ತದೆ. ಪೂರ್ಣ ಹೊರೆ ಹೇರಿ ಹವಾ ಕಡಿಮೆ ಇಟ್ಟರೆ 16 ಪ್ಲೈ ಟೈರು ಹೆಸರಿಗೆ ಮಾತ್ರ 16 ಪ್ಲೈ. ಅಳೆಯಬೇಕಾದದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿದ ಮೇಲೆ ಕಾವಿಗೆ ಹವಾ ಏರಿ ಕಾಣುವುದು ಸಹಜ. ಅದನ್ನು ನೋಡಿ ಹವಾ ಹೊರಬಿಡಬಾರದು. ನಮ್ಮ ಡ್ರೈವರಿಗೆ ಒಂದು ಒಳ್ಳೆಯ ಗೇಜು ಕೊಡಿಸಿದೆ. "ಅಣ್ಣಾರ, ಕಲ್ಲಿಂದ ಬಡದ ನೋಡಿದ್ರ ಗೊತ್ತಾಗತೈತಲ್ರಿ" ಎಂದು ಮೊದಮೊದಲು ಅವನು ಹೇಳುತ್ತಿದ್ದ. ಗಟ್ಟಿ ಬದಿಯ ನೈಲಾನ್ ಟೈರು ಅರ್ಧ ಹವಾ ಇದ್ದಾಗಲೂ ಟಣ್ ಎನ್ನುತ್ತದೆ ಎಂದು ಗೇಜು ಹಚ್ಚಿ ತೋರಿಸಿದ ಮೇಲೆ ಈಗ ಅವನೇ ವಾರಕ್ಕೊಮ್ಮೆ ಗೋಡೆಯ ಮೇಲೆ ಎಂಟು ಅಂಕಿ ಬರೆದಿಡುತ್ತಾನೆ.

ಹಂಗಾಮು ಶುರುವಾದ ಮೇಲೆ ಮೊದಲ ತುಂಬಿದ ಓಟದ ನಂತರ ಎಲ್ಲ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದೆವು; ಬಣ್ಣ ಹಚ್ಚಿದ ಡಿಸ್ಕಿನಲ್ಲಿ ಬಣ್ಣದ ಪದರು ಕುಗ್ಗಿ ನಟ್ಟು ಸಡಿಲವಾಗುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿಗೆ ನಿಂತಾಗ ಒಂದೊಂದು ಟೈರಿನ ಬದಿಗೂ ಕೈ ಇಟ್ಟು ನೋಡುತ್ತೇನೆ. ಹಿಂದಿನ ವರ್ಷ ಹಿಂಬದಿಯ ಎಡಟೈರಿನ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಈಗ ಎಂಟೂ ಬೆಚ್ಚಗಿರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರವಿಲ್ಲ. ಯಾವುದಾದರೂ ಒಂದು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದರ ಹವಾ, ಬೇರಿಂಗು, ಬ್ರೇಕು ಮೂರನ್ನೂ ನೋಡುತ್ತೇವೆ.

ಸ್ಪೇರ್ ಗಾಲಿಗೂ ಅದೇ ಅಳತೆಯ, ಅದೇ 16 ಪ್ಲೈ ಹೊಸ ಟೈರನ್ನೇ ಕೊಂಡಿದ್ದೇನೆ. ಅಗ್ಗದ ಹಳೆಯದೊಂದನ್ನು ಸ್ಪೇರ್ ಮಾಡಿಕೊಂಡರೆ, ಬೇಕಾದ ದಿನ ಅದು ತುಂಬಿದ ಡಬ್ಬಿಯ ಕೆಳಗೇ ಕೂರಬೇಕಾಗುತ್ತದೆ. ಅದನ್ನು ಡಬ್ಬಿಯ ಅಡಿಗೆ ತೂಗುಹಾಕದೆ ಟ್ರ್ಯಾಕ್ಟರಿನ ಶೆಡ್ಡಿನಲ್ಲಿ ಗೋಡೆಗೆ ಆನಿಸಿ, ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದೇವೆ. ಕಾರ್ಖಾನೆ ಹದಿನೈದು ಇಪ್ಪತ್ತು ಕಿಲೋಮೀಟರಿನೊಳಗೇ ಇರುವುದರಿಂದ ತರಿಸಿಕೊಳ್ಳುವುದು ಕಷ್ಟವಲ್ಲ. ಏಪ್ರಿಲಿನಲ್ಲಿ ಡಬ್ಬಿಗಳನ್ನು ನಿಲ್ಲಿಸುವಾಗ ಅಚ್ಚುಗಳ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು ಟೈರುಗಳ ಮೇಲಿನ ಭಾರ ಇಳಿಸಿ, ಬಿಸಿಲು ಬೀಳುವ ದಕ್ಷಿಣ ಮತ್ತು ಪಶ್ಚಿಮದ ಬದಿಗೆ ತಾಡಪತ್ರಿ ಇಳಿಬಿಡಲು ಈಗಲೇ ಜಾಗ ಗೊತ್ತು ಮಾಡಿದ್ದೇವೆ. ಹಿಂದಿನ ಮತ್ತು ಮುಂದಿನ ಅಚ್ಚುಗಳ ಟೈರುಗಳನ್ನು ಅದಲುಬದಲು ಮಾಡುವುದೂ ಆಗಲೇ, ಒಳಗಿನ ಬದಿಗಳನ್ನೆಲ್ಲ ಕೈಯಿಂದ ಸವರಿ ನೋಡಿದ ಮೇಲೆ.